ಮೂರು ನಿಮಿಷದ ಕಾಳಗಕ್ಕೆ ಎಷ್ಟು ದುಡ್ಡು?

ನಮ್ಮ ಮೊದಲ ಕಾಳಗದ ರೋಬೋಟಿನ ಮೈ ಅಡುಗೆಮನೆಯಿಂದ ಬಂದಿತ್ತು. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ಇರುತ್ತದಲ್ಲ, ಅದೇ. ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಏಟು ಬಿದ್ದರೆ ತಗ್ಗಾಗುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಮರ ಕೊಯ್ಯುವ ಗರಗಸದಲ್ಲೇ ಕೊಯ್ಯಬಹುದು, ಮನೆಯ ಡ್ರಿಲ್ಲಿನಲ್ಲೇ ತೂತು ಹೊಡೆಯಬಹುದು. ಬೆಲೆ 350 ರೂಪಾಯಿ. ಇಷ್ಟೇನಾ, ಹಾಗಾದರೆ ಈ ಹುಚ್ಚು ನಮ್ಮ ಕೈಗೆಟಕುತ್ತದೆ ಅಂದುಕೊಂಡೆವು.

ನಾವು ನಾಲ್ಕು ಜನ. ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಎಡಗಡೆ 'ಕಟ್ಟಿದ್ದು', ಬಲಗಡೆ 'ಮತ್ತೆ ಕಟ್ಟಿದ್ದು'. ಎರಡನೇ ಪಂದ್ಯಾವಳಿ ಮುಗಿಯುವಷ್ಟರಲ್ಲಿ ಬಲಗಡೆಯ ಮೊತ್ತ ರೋಬೋಟಿನ ಬೆಲೆಯನ್ನು ದಾಟಿತ್ತು. ಈ ಹವ್ಯಾಸಕ್ಕೆ ಎಷ್ಟಾಗುತ್ತದೆ ಅಂತ ಕೇಳುವವರಿಗೆಲ್ಲ ಜನ ಎಡಗಡೆಯ ಕಾಲಂ ಮಾತ್ರ ಓದಿ ಹೇಳುತ್ತಾರೆ. ನಾನು ಎರಡೂ ಹೇಳುತ್ತೇನೆ.

ಮೊದಲು, ಆಟ ಏನು ಅಂತ. ದಪ್ಪ ಪಾಲಿಕಾರ್ಬೊನೇಟ್ ಹಾಳೆಗಳ ಗೂಡು. ಒಳಗೆ ಎರಡು ರೋಬೋಟ್. ಹೊರಗೆ ರಿಮೋಟ್ ಹಿಡಿದ ಇಬ್ಬರು. ಎರಡೋ ಮೂರೋ ನಿಮಿಷ ಗುದ್ದಾಟ. ಅಲುಗಾಡದೆ ನಿಂತದ್ದು ಸೋತಂತೆ. ಎರಡೂ ಓಡಾಡುತ್ತಲೇ ಇದ್ದರೆ ತೀರ್ಪುಗಾರರು ಅಂಕ ಕೊಡುತ್ತಾರೆ. 1994ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕ್ ಥಾರ್ಪ್ ಎಂಬಾತ ಇಂಥ ಪಂದ್ಯವನ್ನು ದೊಡ್ಡದಾಗಿ ನಡೆಸಿದ. 2000ದ ಹೊತ್ತಿಗೆ ಅಲ್ಲಿ 'ಬ್ಯಾಟಲ್‌ಬಾಟ್ಸ್' ಟಿ.ವಿ. ಕಾರ್ಯಕ್ರಮವೇ ಶುರುವಾಯಿತು. ನಮ್ಮಲ್ಲಿ ಇದು ಬೆಳೆದದ್ದು ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ಗಳಲ್ಲಿ. ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನ ರೋಬೋವಾರ್ಸ್ ನೋಡಲು ಹುಡುಗರು ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗುತ್ತಾರೆ.

ಕುಸ್ತಿಯ ಹಾಗೆ ಇಲ್ಲೂ ತೂಕದ ವರ್ಗಗಳಿವೆ. ನಮ್ಮ ಕಡೆ 1.5, 8, 15, 60 ಕೆ.ಜಿ. ವರ್ಗಗಳು ಜಾಸ್ತಿ ಕಿವಿಗೆ ಬೀಳುತ್ತವೆ. ಅಮೆರಿಕದವರು ಪೌಂಡಿನಲ್ಲಿ ಅಳೆಯುತ್ತಾರೆ. ಅಲ್ಲಿ 1 ಪೌಂಡಿನದು ಇರುವೆ, 3 ಪೌಂಡಿನದು ಜೀರುಂಡೆ. ಬ್ಯಾಟಲ್‌ಬಾಟ್ಸ್‌ನಲ್ಲಿ ಬರುವ ದೈತ್ಯರು 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ಟಿ.ವಿ.ಯಲ್ಲಿ ಅದನ್ನು ನೋಡಿ ಆಸೆ ಹುಟ್ಟಿಸಿಕೊಳ್ಳುವುದು ಸರಿ. ಅದರ ಲೆಕ್ಕ ಹತ್ತಾರು ಸಾವಿರ ಡಾಲರಿನದು, ಪ್ರಾಯೋಜಕರಿಲ್ಲದೆ ಆಗುವ ಮಾತಲ್ಲ.

ನಮ್ಮ ಲೆಕ್ಕಕ್ಕೆ ಬರುತ್ತೇನೆ. 1.5 ಕೆ.ಜಿ. ರೋಬೋಟ್, ಮುಂದೆ ಗಿರ್ರನೆ ಸುತ್ತುವ ಉಕ್ಕಿನ ಬ್ಲೇಡ್. ಹೆಚ್ಚಿನದೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಸಾದರ್ ಪತ್ರಪ್ಪ ರಸ್ತೆ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಎಸ್.ಪಿ. ರೋಡ್ ಅಂದರೆ ಆಟೋದವರೂ ತಲೆಯಾಡಿಸುತ್ತಾರೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಏರಿಳಿಯುತ್ತವೆ, ಬಿಲ್ ಹಾಕಿಸಿದರೆ ಜಿಎಸ್‌ಟಿ ಬೇರೆ. ಹಾಗಾಗಿ ಇದನ್ನು ಅಂದಾಜು ಅಂತಲೇ ಓದಿ.

ರಿಮೋಟ್ ಮತ್ತು ಅದರ ರಿಸೀವರ್‌ಗೆ 5,000. ಫ್ಲೈಸ್ಕೈ ಕಂಪನಿಯ ಆರು ಚಾನೆಲ್ಲಿನದು, ಹೊಸಬರಲ್ಲಿ ತುಂಬಾ ಜನರ ಕೈಯಲ್ಲಿರುವುದು ಅದೇ. ಲಿಪೋ ಅನ್ನುವ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ ಚಾರ್ಜರ್ 2,000. ಗಾಲಿ ತಿರುಗಿಸುವ ಎರಡು ಗೇರ್ ಮೋಟರ್ 1,200. ಅವುಗಳ ವೇಗ ನಿಯಂತ್ರಿಸುವ ಎರಡು ಇಎಸ್‌ಸಿ 1,200. ಬ್ಲೇಡ್ ಸುತ್ತಿಸುವ ಬ್ರಷ್‌ಲೆಸ್ ಮೋಟರ್ ಮತ್ತು ಅದರ ಇಎಸ್‌ಸಿ ಸೇರಿ 1,300. ಬ್ಯಾಟರಿ 1,500. ಮಣೆ, ಅಲ್ಯೂಮಿನಿಯಂ ತುಂಡು ಎಲ್ಲ ಸೇರಿ ಮೈಗೆ 800. ಬ್ಲೇಡ್ ಲೇಸರ್ ಕಟಿಂಗ್ ಮಾಡಿಸಿ ಹದ ಹಾಕಿಸಿದ್ದು 600. ಗಾಲಿ, ವೈರು, ಕನೆಕ್ಟರ್, ಬೋಲ್ಟು, ಬೇರಿಂಗು ಅಂತ ಚಿಲ್ಲರೆ 1,000. ಒಟ್ಟು 14,600.

ಇದರಲ್ಲಿ ಒಂದು ವಿಚಿತ್ರ ನೋಡಿ. ರಿಮೋಟ್ ಮತ್ತು ಚಾರ್ಜರ್ ಎರಡೇ 7,000. ಗೂಡಿನೊಳಗೆ ಹೋಗಿ ಏಟು ತಿನ್ನುವ ಯಂತ್ರದ ಬೆಲೆ 7,600. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಹೆಚ್ಚುಕಡಿಮೆ ಸಮಸಮ. ಆದರೆ ಮೂಗುತಿ ಒಡೆಯುವುದಿಲ್ಲ. ಆ ರಿಮೋಟ್ ಹತ್ತು ರೋಬೋಟಿಗೆ ಬರುತ್ತದೆ. ಆದ್ದರಿಂದ ಅದನ್ನು ಈ ರೋಬೋಟಿನ ಖರ್ಚು ಅಂತ ಬರೆದು ಗಾಬರಿಯಾಗಬೇಡಿ. ಹಿರಿಯರ ತಂಡದಿಂದ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು 1.5 ಕೆ.ಜಿ.ಗೆ 15 ಸಾವಿರ ಆದರೆ 15 ಕೆ.ಜಿ.ಗೆ ಎಷ್ಟು? ಒಂದೂವರೆ ಲಕ್ಷ ಅಂತ ಬಾಯಿಲೆಕ್ಕ ಹಾಕಿದರೆ ತೀರಾ ತಪ್ಪೇನಲ್ಲ. ಬುದ್ಧಿವಂತಿಕೆಯಿಂದ ಕಟ್ಟಿದರೆ ಲಕ್ಷದ ಆಸುಪಾಸಿನಲ್ಲಿ ನಿಲ್ಲಿಸಬಹುದು. 60 ಕೆ.ಜಿ.ಗೆ ಬಂದರೆ ಹಲವು ಲಕ್ಷ. ಲೋಹ ಜಾಸ್ತಿ ಬೇಕು, ಅದಕ್ಕೆ ಖರ್ಚು ಜಾಸ್ತಿ ಅಂತ ಅನ್ನಿಸುತ್ತದೆ. ಅದು ಸಣ್ಣ ಕಾರಣ. ಕಚ್ಚಾ ಲೋಹ ಇಡೀ ಬಿಲ್ಲಿನಲ್ಲಿ ಉಪ್ಪಿನಕಾಯಿಯಷ್ಟು.

ದೊಡ್ಡ ಕಾರಣ ಬೇರೆ. ಚಿಕ್ಕ ರೋಬೋಟಿನವರು ಡ್ರೋನ್‌ನವರ ಪಂಕ್ತಿಯಲ್ಲಿ ಕೂತು ಊಟ ಮಾಡುವವರು. ಡ್ರೋನು, ರಿಮೋಟ್ ಕಾರು, ಆಟಿಕೆ ವಿಮಾನ ಇವುಗಳಿಗಾಗಿ ಚೀನಾದ ಕಾರ್ಖಾನೆಗಳು ಲಕ್ಷಗಟ್ಟಲೆ ಮೋಟರು, ಇಎಸ್‌ಸಿ, ಬ್ಯಾಟರಿ ಮಾಡುತ್ತವೆ. ನಮಗೆ ಬೇಕಾದದ್ದೂ ಅದೇ ಅಳತೆಯದು. ಹಾಗಾಗಿ 400 ರೂಪಾಯಿಗೆ ಬ್ರಷ್‌ಲೆಸ್ ಮೋಟರ್ ಸಿಗುತ್ತದೆ. ತೂಕ ಏರುತ್ತ ಹೋದ ಹಾಗೆ ಆ ಪಂಕ್ತಿ ಮುಗಿಯುತ್ತದೆ. 15 ಕೆ.ಜಿ.ಯಲ್ಲಿ ಎಲೆಕ್ಟ್ರಿಕ್ ಸೈಕಲ್ಲಿನ ಬಿಡಿಭಾಗ, ಗುಜರಿಯಲ್ಲಿ ಸಿಕ್ಕ ಕಾರಿನ ವೈಪರ್ ಮೋಟರ್ ಅಂತ ಹುಡುಕಾಟ ಶುರುವಾಗುತ್ತದೆ. 60 ಕೆ.ಜಿ.ಗೆ ಬಂದರೆ ನಮಗಾಗಿ ಯಾರೂ ಅಡುಗೆ ಮಾಡಿರುವುದಿಲ್ಲ. ಅಮೆರಿಕದ ಆ್ಯಂಪ್‌ಫ್ಲೋ ಮೋಟರ್ ತರಿಸುವವರಿದ್ದಾರೆ. ಆಗ ಸಾಗಣೆ, ಆಮದು ಸುಂಕ, ಕಾಯುವಿಕೆ ಎಲ್ಲ ಬೆನ್ನಿಗೆ ಬೀಳುತ್ತವೆ. ಉಳಿದ ಭಾಗಗಳನ್ನು ಪೀಣ್ಯದಂಥ ಕಡೆ ಯಂತ್ರದಲ್ಲಿ ಕೊರೆಸಬೇಕು. ಅಲ್ಲಿ ಬಿಲ್ ಲೋಹದ ತೂಕಕ್ಕಲ್ಲ, ಯಂತ್ರ ಓಡಿದ ಗಂಟೆಗೆ. ಸಾವಿರ ಪೀಸ್ ಆರ್ಡರ್ ಕೊಡುವವರ ನಡುವೆ ಎರಡೇ ಎರಡು ಪೀಸ್ ಬೇಕು ಅಂತ ಡ್ರಾಯಿಂಗ್ ಹಿಡಿದು ನಿಂತಾಗ ಅವರ ಮುಖ ನೋಡಬೇಕು.

ಅದಕ್ಕೇ ಒಂದು ಕಿವಿಮಾತು ಇಲ್ಲೇ ಹೇಳಿಬಿಡುತ್ತೇನೆ. ಭಾಗಗಳನ್ನು ಚಪ್ಪಟೆಯಾಗಿ ಯೋಚಿಸಿ. ಹಾಳೆಯಿಂದ ಲೇಸರಿನಲ್ಲಿ ಕತ್ತರಿಸಿ, ಒಂದರ ಕಚ್ಚಿಗೆ ಇನ್ನೊಂದರ ಹಲ್ಲು ಕೂರುವ ಹಾಗೆ ಜೋಡಿಸಿದರೆ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಗಟ್ಟಿ ಲೋಹದ ಇಟ್ಟಿಗೆಯಿಂದ ಕೊರೆದು ತೆಗೆಯುವ ಭಾಗ ನೋಡಲು ಚೆಂದ, ಕಿಸೆಗೆ ಅಲ್ಲ.

ಈಗ ಬಲಗಡೆಯ ಕಾಲಂ.

ಅದರ ಮೊದಲ ಸಾಲು ನನ್ನದೇ ತಪ್ಪು. ಎರಡು ಇಎಸ್‌ಸಿಗೆ 1,200 ಯಾಕೆ ಕೊಡಬೇಕು ಅಂತ ಮೊದಲಿಗೆ ಎಲ್298ಎನ್ ಅನ್ನುವ 150 ರೂಪಾಯಿಯ ಬೋರ್ಡ್ ಹಾಕಿದೆ. ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಬಳಸುವ ಕೆಂಪು ಬೋರ್ಡ್ ಅದು. ನೆಲದ ಮೇಲೆ ಚೆನ್ನಾಗಿಯೇ ಓಡಿತು. ಗೋಡೆಗೆ ಮೂತಿ ತಾಗಿಸಿ ತಳ್ಳಿದ ತಕ್ಷಣ ಹೊಗೆ.

ಆಗಿದ್ದಿಷ್ಟು. ಮೋಟರ್ ಸಲೀಸಾಗಿ ತಿರುಗುವಾಗ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ಗಾಲಿ ಸಿಕ್ಕಿಹಾಕಿಕೊಂಡು ನಿಂತರೆ ಕತೆ ಬೇರೆ. ಮಿಕ್ಸಿಯಲ್ಲಿ ಕೊಬ್ಬರಿ ತುಂಡು ಸಿಕ್ಕಿಕೊಂಡಾಗ ಹುಂ ಅಂತ ಸದ್ದು ಮಾಡಿ ಸುಟ್ಟ ವಾಸನೆ ಬರುತ್ತದಲ್ಲ, ಅದೇ ಸ್ಥಿತಿ. ತಿರುಗುವ ಮೋಟರ್ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ತಡೆಯುತ್ತಿರುತ್ತದೆ. ನಿಂತರೆ ಆ ತಡೆ ಇಲ್ಲ. 12 ವೋಲ್ಟಿನ ಮೋಟರಿನ ತಂತಿಯ ರೋಧ 2 ಓಮ್ ಇದ್ದರೆ 6 ಆಂಪಿಯರ್ ನುಗ್ಗುತ್ತದೆ. ಆ ಬೋರ್ಡಿನ ತಾಕತ್ತು ಒಂದು ಬದಿಗೆ 2 ಆಂಪಿಯರ್. ಕಾಳಗದಲ್ಲಿ ರೋಬೋಟ್ ಮಾಡುವುದೇ ತಳ್ಳುವುದು, ಸಿಕ್ಕಿಕೊಳ್ಳುವುದು. ಆದ್ದರಿಂದ ಇಎಸ್‌ಸಿ ಕೊಳ್ಳುವಾಗ ಮೋಟರ್ ಓಡುವ ಕರೆಂಟ್ ನೋಡಬಾರದು, ನಿಂತಾಗಿನ ಕರೆಂಟ್ ನೋಡಬೇಕು. ಮಿಕ್ಸಿಯ ಅಡಿಯಲ್ಲಿ ಕೆಂಪು ಬಟನ್ ಇದೆ, ಒತ್ತಿದರೆ ಮತ್ತೆ ಜೀವ ಬರುತ್ತದೆ. ನಮ್ಮ ಬೋರ್ಡಿಗೆ ಅದೂ ಇರಲಿಲ್ಲ. 1,050 ಉಳಿಸಲು ಹೋಗಿ 150 ಕಳೆದುಕೊಂಡು, ಆಮೇಲೆ 1,200 ಕೊಟ್ಟೆವು.

ಎರಡನೇ ಸಾಲು ಬ್ಯಾಟರಿ. ಅಭ್ಯಾಸ ಮುಗಿಸಿ ಕನೆಕ್ಟರ್ ಬಿಚ್ಚಲು ಮರೆತೆವು. ಬೆಳಗ್ಗೆ ನೋಡಿದರೆ ಪೂರಿ ತರ ಉಬ್ಬಿತ್ತು. ಲಿಪೋ ಸೆಲ್ ತುಂಬಿದಾಗ 4.2 ವೋಲ್ಟ್, ಎತ್ತಿಡುವಾಗ 3.8ರ ಹತ್ತಿರ ಇರಬೇಕು, 3ಕ್ಕಿಂತ ಕೆಳಗಿಳಿದರೆ ಕೆಟ್ಟಿತು ಅಂತಲೇ ಲೆಕ್ಕ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡುವ ಸಾಹಸ ಬೇಡವೇ ಬೇಡ, ಬೆಂಕಿ ಹತ್ತಬಹುದು. 1,500 ಹೋಯಿತು. ಜೊತೆಗೆ ಮರಳು ತುಂಬಿದ ಒಂದು ಬಕೆಟ್ ನಮ್ಮ ಸಾಮಾನುಗಳ ಪಟ್ಟಿಗೆ ಸೇರಿತು. ಮರಳು ಪಕ್ಕದ ಕಟ್ಟಡದ ಕೆಲಸದವರು ಕೊಟ್ಟದ್ದು, ಪುಕ್ಕಟೆ.

ಬ್ಯಾಟರಿಯ ವಿಷಯದಲ್ಲಿ ದುಡ್ಡು ಉಳಿಯುವ ಜಾಗವೂ ಇದೆ. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತದೆ ಅನ್ನುವುದನ್ನು ಎಂಎಎಚ್‌ನಲ್ಲಿ ಅಳೆಯುತ್ತಾರೆ. ದೊಡ್ಡದಿದ್ದರೆ ಒಳ್ಳೆಯದು ಅಂತ ಎಲ್ಲರೂ 2200 ಎಂಎಎಚ್‌ನದು ತರುತ್ತಾರೆ. ಪಂದ್ಯ ಮೂರು ನಿಮಿಷ, ಅಂದರೆ ಒಂದು ಗಂಟೆಯ ಇಪ್ಪತ್ತನೇ ಒಂದು ಭಾಗ. ಸರಾಸರಿ 15 ಆಂಪಿಯರ್ ಎಳೆದರೂ ಖರ್ಚಾಗುವುದು 750 ಎಂಎಎಚ್. 1300ರದ್ದು ಸಾಕೋಸಾಕು. ನೋಡಬೇಕಾದದ್ದು ಅದರ ಮೇಲಿನ 'ಸಿ' ಅಂಕಿ, ಅಂದರೆ ಆ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನು ಒಮ್ಮೆಗೇ ಕೊಡಬಲ್ಲದು ಅನ್ನುವುದು. 1300ಕ್ಕೆ 45 ಸಿ ಇದ್ದರೆ ಸುಮಾರು 58 ಆಂಪಿಯರ್ ಕೊಡಬಲ್ಲೆ ಅಂತ ಅದು ಹೇಳಿಕೊಳ್ಳುತ್ತಿದೆ. ಹೇಳಿಕೊಳ್ಳುವುದನ್ನು ಪೂರ್ತಿ ನಂಬಬೇಡಿ, ಆದರೂ ನಮಗೆ ಸಾಲುತ್ತದೆ. ಚಿಕ್ಕ ಬ್ಯಾಟರಿಯಿಂದ ದುಡ್ಡೂ ಉಳಿಯಿತು, ತೂಕವೂ ಉಳಿಯಿತು. ಉಳಿದ ಗ್ರಾಂಗಳನ್ನು ಬ್ಲೇಡಿಗೆ ಹಾಕಿದೆವು.

ಬ್ಲೇಡ್ ಅಂದರೆ ಈ ಖರ್ಚಿನ ಹೊಟ್ಟೆ. ನಮ್ಮದು 300 ಗ್ರಾಂ ತೂಕದ, 14 ಸೆಂ.ಮೀ. ಉದ್ದದ ಉಕ್ಕಿನ ಪಟ್ಟಿ. ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರಲ್ಲಿ ಸುಮಾರು 270 ಜೂಲ್ ಶಕ್ತಿ ಕೂತಿರುತ್ತದೆ. ಜೂಲ್ ಅಂದರೆ ತಲೆಗೆ ಹೋಗುವುದಿಲ್ಲ, ಅಲ್ವಾ? ಹೀಗೆ ನೋಡಿ. 25 ಕೆ.ಜಿ. ಅಕ್ಕಿ ಮೂಟೆಯನ್ನು ಸೊಂಟದೆತ್ತರದಿಂದ ಕೈಬಿಟ್ಟರೆ ನೆಲಕ್ಕೆ ಬೀಳುವ ಏಟು ಅಷ್ಟೇ. ಆ ಇಡೀ ಏಟು ಬ್ಲೇಡಿನ ಒಂದು ಮೂಲೆಯಿಂದ, ಕಣ್ಣು ಮಿಟುಕಿಸುವುದಕ್ಕೂ ಮೊದಲು, ಎದುರಿನವನ ಮೈಗೆ ಇಳಿಯುತ್ತದೆ. ತುದಿಯ ವೇಗ ಗಂಟೆಗೆ 260 ಕಿ.ಮೀ. ದಾಟಿರುತ್ತದೆ. ಸುತ್ತುವ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಇಲ್ಲಿ ಹೊಸಬರು ಮರೆಯುವ ಮಾತೊಂದಿದೆ. ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟೇ ಜೋರಾಗಿ ನಿಮಗೂ ಬೀಳುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ. ಗೆದ್ದ ಪಂದ್ಯದಲ್ಲೂ ನಮ್ಮ ಬೇರಿಂಗ್ ಪುಡಿಯಾಗಿತ್ತು, ಮೋಟರಿನ ಶಾಫ್ಟ್ ಬಾಗಿತ್ತು. ಬೇರೆ ಆಟದಲ್ಲಿ ಸೋತವನಿಗೆ ಮಾತ್ರ ನಷ್ಟ, ಇಲ್ಲಿ ಗೆದ್ದವನೂ ಅಂಗಡಿಗೆ ಹೋಗಬೇಕು. ಗೆಲ್ಲುತ್ತ ಹೋದರಂತೂ ಪಂದ್ಯಗಳು ಜಾಸ್ತಿ, ಒಡೆಯುವುದೂ ಜಾಸ್ತಿ.

ಬ್ಲೇಡಿನ ಉಕ್ಕು ಯಾವುದು ಅನ್ನುವುದರಲ್ಲಿ ಒಂದು ಹಳ್ಳಿ ಜಾಣತನ ಇದೆ. ನಮ್ಮ ಮೊದಲ ಬ್ಲೇಡ್ ಸಾದಾ ಮೈಲ್ಡ್ ಸ್ಟೀಲ್. ಎರಡನೇ ಏಟಿಗೆ ತುದಿ ಮುದ್ದೆಯಾಯಿತು. ಎರಡನೆಯದನ್ನು ಗಟ್ಟಿ ಉಕ್ಕಿನಲ್ಲಿ ಮಾಡಿಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಅಷ್ಟಕ್ಕೇ ಬಿಟ್ಟೆವು. ಅದು ಬಾಗಲೇ ಇಲ್ಲ. ನೇರವಾಗಿ ಎರಡು ತುಂಡಾಯಿತು. ಆಮೇಲೆ ಕುಲುಮೆಯವರೊಬ್ಬರು ನಕ್ಕು ಹೇಳಿದರು, 'ಹದ ಇಳಿಸಬೇಕಪ್ಪ.' ಮಚ್ಚು ಮಾಡುವವರು ಹಳೇ ಲಾರಿಯ ಕಮಾನ್ ಪಟ್ಟಿ ಹುಡುಕುವುದು ಸುಮ್ನೆ ಅಲ್ಲ. ಅದು ಸ್ಪ್ರಿಂಗ್ ಉಕ್ಕು. ಕಾಯಿಸಿ ಅದ್ದಿದ ಮೇಲೆ ಮತ್ತೊಮ್ಮೆ ಕಡಿಮೆ ಬಿಸಿಯಲ್ಲಿ ಕಾಯಿಸಿ ನಿಧಾನ ಆರಿಸಿದರೆ, ಗಡಸುತನ ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆ ಪಡೆಯುತ್ತದೆ. ಗಾಜು ಗಡಸು, ಆದರೆ ತಾಳುವುದಿಲ್ಲ. ರೋಬೋಟಿನವರು ಇಷ್ಟಪಟ್ಟು ಹೇಳುವ ಹಾರ್ಡಾಕ್ಸ್ ಉಕ್ಕಿನ ಹೆಚ್ಚುಗಾರಿಕೆಯೂ ಇದೇ, ಗಡಸು ಮತ್ತು ತಾಳಿಕೆ ಎರಡನ್ನೂ ಕಾರ್ಖಾನೆಯಲ್ಲೇ ಹದವಾಗಿ ಬೆರೆಸಿ ಕೊಟ್ಟಿರುತ್ತಾರೆ. ಬೆಲೆಯೂ ಹಾಗೇ ಇರುತ್ತದೆ. ಮೂರು ಬ್ಲೇಡು ಹಾಳಾದ ಮೇಲೆ ಗೊತ್ತಾದ ವಿದ್ಯೆ ಇದು. ಬಲಗಡೆಯ ಕಾಲಂನಲ್ಲಿ 1,800.

ಹಾಗಾದರೆ ಏನೂ ಒಡೆಯದ ಹಾಗೆ ಕಟ್ಟುವುದು ಹೇಗೆ? ಆಗದು. ಒಡೆಯಬೇಕಾದದ್ದು ಯಾವುದು ಅಂತ ಮೊದಲೇ ತೀರ್ಮಾನ ಮಾಡಬಹುದು, ಅಷ್ಟೇ. ಕುಕ್ಕರಿನಲ್ಲಿ ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ಹೋಗುತ್ತದೆ, ಕುಕ್ಕರ್ ಉಳಿಯುತ್ತದೆ. ಇಲ್ಲೂ ಒಂದು ಸೇಫ್ಟಿ ವಾಲ್ವ್ ಬೇಕು. ಬ್ಲೇಡನ್ನು ನೇರ ಮೋಟರಿನ ಶಾಫ್ಟಿಗೆ ಬಿಗಿದರೆ ಪ್ರತಿ ಏಟೂ ಮೋಟರಿನ ಬೇರಿಂಗಿಗೆ ಹೋಗುತ್ತದೆ. ನಡುವೆ ಒಂದು ಬೆಲ್ಟ್ ಹಾಕಿದರೆ ಏಟು ಬಿದ್ದಾಗ ಬೆಲ್ಟ್ ಜಾರುತ್ತದೆ. ಸವೆಯುವುದು ನೂರು ರೂಪಾಯಿಯ ಬೆಲ್ಟ್, ಬದುಕುವುದು 800ರ ಮೋಟರ್. ಗಾಲಿಗಳನ್ನು ಮೆತ್ತಗಿನ ಫೋಮಿನಲ್ಲಿ ಮಾಡಿಯೋ, ಟಿಪಿಯು ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿಸಿಯೋ ಹಾಕಿದರೆ ಎದುರಿನ ಬ್ಲೇಡ್ ಅವನ್ನು ಹರಿಯುತ್ತದೆ, ಒಳಗಿನ ಗೇರ್ ಬಾಕ್ಸ್ ಮುಟ್ಟುವುದಿಲ್ಲ. ಹರಿದ ಗಾಲಿ ಎರಡು ನಿಮಿಷದಲ್ಲಿ ಬದಲಾಗುತ್ತದೆ. ಅಗ್ಗದ ಭಾಗ ದುಬಾರಿ ಭಾಗದ ಮುಂದೆ ನಿಂತು ಏಟು ತಿನ್ನಬೇಕು.

ಇದೆಲ್ಲ ಮಾಡಿದರೂ ಬಿಡಿಭಾಗದ ಡಬ್ಬ ಇಲ್ಲದೆ ಪಂದ್ಯಕ್ಕೆ ಹೋಗಬೇಡಿ. ಎರಡು ಗಾಲಿ ಮೋಟರ್, ಒಂದೊಂದು ಇಎಸ್‌ಸಿ, ಇನ್ನೊಂದು ಬ್ಲೇಡ್, ಇನ್ನೊಂದು ಬ್ಯಾಟರಿ, ಇನ್ನೊಂದು ಬ್ಲೇಡ್ ಮೋಟರ್. ಸುಮಾರು 5,200. ಎರಡು ಪಂದ್ಯಗಳ ನಡುವೆ ಸಿಗುವುದು ಕೆಲವೇ ನಿಮಿಷ. ಬೆಸುಗೆ ಹಾಕುತ್ತ ಕೂತರೆ ಹೆಸರು ಕೂಗಿಬಿಡುತ್ತಾರೆ. ಹಾಗಾಗಿ ಮೋಟರಿಗೆ ವೈರು, ಕನೆಕ್ಟರು ಮನೆಯಲ್ಲೇ ಬೆಸೆದು, ಬಿಚ್ಚಿ ಸಿಕ್ಕಿಸುವುದಷ್ಟೇ ಉಳಿಯುವ ಹಾಗೆ ಸಿದ್ಧ ಮಾಡಿಕೊಳ್ಳಬೇಕು. ಕರಾವಳಿಯಲ್ಲಿ ಕಂಬಳದ ಕೋಣ ಇಟ್ಟವರನ್ನು ಕೇಳಿ. ಕೋಣ ಕೊಂಡ ದುಡ್ಡಿನ ಮಾತು ಅವರು ಆಡುವುದಿಲ್ಲ. ವರ್ಷವಿಡೀ ಹಾಕುವ ಹುರುಳಿ, ತಿಕ್ಕುವ ಎಣ್ಣೆ, ನೋಡಿಕೊಳ್ಳುವ ಆಳು, ಅದರದ್ದೇ ಮಾತು.

ಚಿಕ್ಕ ಚಿಕ್ಕ ಸಾಲುಗಳು ಇನ್ನೂ ಇವೆ. ಬ್ಲೇಡ್ ಪರೀಕ್ಷೆ ಮಾಡಲು ಪಾಲಿಕಾರ್ಬೊನೇಟಿನ ಪೆಟ್ಟಿಗೆ ಬೇಕು. ಇದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮಂಚದ ಹಿಂದೆ ಅಡಗಿ ಕೂತು ಸುತ್ತುವ ಬ್ಲೇಡ್ ಶುರು ಮಾಡಿದ ಕತೆಗಳು ಹಾಸ್ಟೆಲ್ಲುಗಳಲ್ಲಿ ನಗಿಸುತ್ತವೆ, ಬ್ಲೇಡ್ ಕಿತ್ತು ಬಂದ ದಿನ ನಗು ಬರುವುದಿಲ್ಲ. ಪವರ್ ಕಡಿಯುವ ಲಿಂಕ್ ಹೊರಗಿನಿಂದಲೇ ಕೈಗೆ ಸಿಗಬೇಕು. ಗೂಡಿನ ಹೊರಗಿರುವಷ್ಟು ಹೊತ್ತೂ ಬ್ಲೇಡಿಗೆ ಪಿನ್ ಹಾಕಿರಬೇಕು. ರಿಮೋಟ್ ಆಫ್ ಮಾಡಿದ ಕೂಡಲೇ ರೋಬೋಟ್ ತಾನಾಗಿ ನಿಲ್ಲಬೇಕು, ಅದಕ್ಕೆ ಫೇಲ್‌ಸೇಫ್ ಅನ್ನುತ್ತಾರೆ. ಇವು ಮೂರಕ್ಕೂ ಸೇರಿ ನೂರಿನ್ನೂರು ರೂಪಾಯಿ ಕೂಡ ಆಗುವುದಿಲ್ಲ. ಆದರೆ ತಪಾಸಣೆಯಲ್ಲಿ ಇವು ಸರಿಯಿಲ್ಲದಿದ್ದರೆ ಗೂಡಿನೊಳಗೆ ಬಿಡುವುದಿಲ್ಲ. ಹೋಗಿ ಬರುವ ಖರ್ಚು, ಪ್ರವೇಶ ಶುಲ್ಕ, ನಾಲ್ಕು ಜನರ ಊಟ ಎಲ್ಲ ನೀರಲ್ಲಿ ಮಾಡಿದ ಹೋಮ.

ಹೋಗಿ ಬರುವ ಖರ್ಚು ಅಂದೆನಲ್ಲ. ಒಮ್ಮೆ ಮುಂಬೈಗೆ ಹೋಗಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಬೆಂಗಳೂರು ಸ್ಟೇಷನ್ನಿನ ಸ್ಕ್ಯಾನರಿನಲ್ಲಿ ನಮ್ಮ ಬ್ಯಾಗ್ ಹೋದದ್ದೇ ತಡ, ಸ್ಕ್ರೀನ್ ಮುಂದೆ ಕೂತಿದ್ದ ಸಿಬ್ಬಂದಿ ಕೈ ಎತ್ತಿದರು. ಒಳಗೆ ಎರಡು ಬ್ಲೇಡ್, ವೈರಿನ ಗೊಂಚಲು, ಬ್ಯಾಟರಿ, ತರಕಾರಿ ಮಣೆ.

'ಏನಪ್ಪಾ ಇದು?'

'ರೋಬೋಟ್ ಸಾರ್. ಕಾಂಪಿಟಿಷನ್‌ಗೆ.'

ಕಾಲೇಜಿನ ಪತ್ರ ತೋರಿಸಿದೆವು. ಅವರು ಓದಿ, ಬ್ಲೇಡಿನ ತುದಿ ಮುಟ್ಟಿ ನೋಡಿ, ಮಣೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

'ಎಷ್ಟಾಯ್ತು ಇದಕ್ಕೆ?'

'ಹದಿನೈದು ಸಾವಿರ ಸಾರ್' ಅಂದ ನಮ್ಮವನೊಬ್ಬ, ಎದೆಯುಬ್ಬಿಸಿ. ನೋಟ್‌ಬುಕ್ ನನ್ನ ಬ್ಯಾಗಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.